ತಿಂಗಳ ಹತ್ತು

ಡೊಂಬಿವಲಿ
೩೦-೩-೧೯೯೯

ಸುಂದರ ಮಾವನಿಗೆ ನಮಸ್ಕಾರ.

ನಾನು ನಿಮ್ಮ ನಾಗಕ್ಕನ ಮಗಳು ರಮಿತಾ. ನೀವು ನನ್ನನ್ನು ಕೊನೆಗೆ ಕಂಡಾಗ ನನಗೆ ಹನ್ನೊಂದು ವರ್ಷ. ನಿಮ್ಮ ಅಂಗಳದ ಗಳು ಸರಿಸುವ ದಣಪೆ ಬಾಗಿಲ ಹೊರಗೆ ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಅಜ್ಜಿಗೆ ಬೆಂಕಿ ಕೊಡುವಾಗ ನೀವು ಅಮ್ಮನಿಗಾಗಿ ಕಾಯಲಿಲ್ಲ, ಅಮ್ಮ ‘ಇನ್ನು ಈ ದಣಪೆ ದಾಟುವುದಿಲ್ಲ’ ಎಂದು ತಿರುಗಿ ಬಸ್ಸು ಹಿಡಿದಳು. ಅದು ನಿಮ್ಮಿಬ್ಬರ ಜಗಳ. ನಾನು ನಡುವೆ ತಲೆ ಹಾಕುವುದಿಲ್ಲ.

ಬರೆದದ್ದು ಬೇರೆ ಕೆಲಸಕ್ಕೆ. ನಾನು ಇಲ್ಲಿ ಒಂದು ಶಾಲೆಯಲ್ಲಿ ವ್ಯಾಯಾಮ ಟೀಚರ್. ರಜೆ ಬಂತೆಂದರೆ ಗೆಳೆಯರ ಗುಂಪು ಕಟ್ಟಿಕೊಂಡು ಬೆಟ್ಟ ಹತ್ತುತ್ತೇನೆ, ಹೊಳೆಯಲ್ಲಿ ದೋಣಿ ಬಿಡುತ್ತೇನೆ. ಗಾಳಿ ತುಂಬುವ ರಬ್ಬರ್ ದೋಣಿ ಎರಡು ಇವೆ, ಮಡಚಿದರೆ ಬೆನ್ನ ಮೇಲಿನ ಚೀಲ. ಈ ಮೇ ತಿಂಗಳು ಹೆಬ್ರಿ ಕಡೆಯ ಅಭಯಾರಣ್ಯದಲ್ಲಿ ನಡೆದು, ಕಾಡಿನ ಹಳ್ಳ ಸೀತಾನದಿಗೆ ಸೇರುವಲ್ಲಿ ದೋಣಿ ಹಾಕಿ, ನಿಮ್ಮ ಮನೆ ಹಿಂದೆ ಬಂದು ಮುಟ್ಟುವ ಆಸೆ. ಆ ಹೊಳೆಯ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಅಮ್ಮನಿಗೆ ಈ ಕಾಗದದ ವಿಷಯ ಹೇಳಿಲ್ಲ.

ರಮಿತಾ


ಹೊಳೆಬಾಗಿಲು, ಕೊಕ್ಕರ್ಣೆ ಅಂಚೆ
ಸುಗ್ಗಿ ತಿಂಗಳು ೨೪

ಚಿ. ರಮಿತಾಳಿಗೆ ಆಶೀರ್ವಾದ.

ಮುಂಬೈಯಲ್ಲಿ ಸಮುದ್ರವೇ ಇದೆಯಲ್ಲ, ಇಷ್ಟು ದೂರ ಬಂದು ನಮ್ಮ ಹೊಳೆಯಲ್ಲೇ ಮುಳುಗಬೇಕೇ? ಹೋಗಲಿ. ಹದಿನಾಲ್ಕು ವರ್ಷದ ಮೇಲೆ ಆ ಮನೆಯಿಂದ ಒಂದು ಕಾಗದ ಬಂತು. ಅಮ್ಮಣ್ಣಿ ಅದನ್ನು ಎರಡು ಸಲ ಓದಿದಳು. ಅಮ್ಮಣ್ಣಿ ಎಂದರೆ ನಿನ್ನ ಅತ್ತೆ, ನೆನಪಿರಬಹುದು.

ಕಾಡು ಸರಕಾರದ್ದು. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಲಿಟ್ಟರೆ ದೋಣಿ ಸಮೇತ ಕಚೇರಿಯಲ್ಲಿ ಕೂರಿಸುತ್ತಾರೆ. ಹೊಳೆ ದೇವರದ್ದು. ನಮ್ಮ ಮನೆ ಹಿಂದೆ ಚಪ್ಪಟೆ ಬಂಡೆಯ ಪಾರೆ ಇದೆ, ಅದರ ಬುಡದ ಗುಂಡಿಯಲ್ಲಿರುವುದು ದೇವರ ಮೀನು. ಅಲ್ಲಿ ಗಾಳ ಇಲ್ಲ, ಬಲೆ ಇಲ್ಲ, ಬೊಬ್ಬೆ ಹೊಡೆಯುವ ಹಾಗಿಲ್ಲ. ಹುಟ್ಟನ್ನೂ ಎತ್ತಿಟ್ಟು ಕೈಯಲ್ಲೇ ನೀರು ತಳ್ಳಿ ಬರಬೇಕು. ಇದನ್ನು ನಿನ್ನ ಗೆಳೆಯರಿಗೆ ಮೊದಲೇ ಹೇಳು.

ಇನ್ನೊಂದು. ಹಳ್ಳ ಸೇರುವ ಜಾಗಕ್ಕಿಂತ ಮೇಲೆ ನಮ್ಮ ಊರಿನ ಕಿಂಡಿ ಅಣೆಕಟ್ಟು ಇದೆ. ಕಿಂಡಿಗಳಿಗೆ ಹಲಗೆ ಹಾಕಿ ಬೇಸಗೆಗೆ ನೀರು ನಿಲ್ಲಿಸುತ್ತೇವೆ. ಹಲಗೆ ತೆಗೆಯುವವರೆಗೆ ಕೆಳಗೆ ಬರೀ ಕಲ್ಲು, ನಡುನಡುವೆ ಗುಂಡಿ. ದೋಣಿ ತೇಲಲಿಕ್ಕಿಲ್ಲ, ನೀವೇ ಹೊರಬೇಕಾದೀತು.

ಭೋಜರಾಜನ ಅಂಗಡಿಯ ಫೋನಿಗೆ ಮೊನ್ನೆ ಸಿಡಿಲು ಹೊಡೆದು ಅದು ಕರಿ ಬದನೆಕಾಯಿ ಆಗಿದೆ. ಏನಿದ್ದರೂ ಕಾಗದವೇ ಗತಿ.

ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಕೇಳಿದೆ ಎಂದು ಹೇಳಬೇಡ.

ಸುಂದರ


ಡೊಂಬಿವಲಿ
೧೪-೪-೧೯೯೯

ಮಾವ,

‘ಸುಗ್ಗಿ ತಿಂಗಳು ೨೪’ ಎಂದರೆ ಯಾವತ್ತು? ಸುಗ್ಗಿ ತಿಂಗಳು ಎಂದು ಹುಟ್ಟುತ್ತದೆ, ಎಂದು ಸಾಯುತ್ತದೆ ನನಗೆ ತಿಳಿಯದು. ಅಂಚೆಯ ಮುದ್ರೆ ನೋಡಿ ಲೆಕ್ಕ ಹಾಕಬೇಕಾಯಿತು. ನಿಮ್ಮ ಸಂಕ್ರಾಂತಿಯ ತಿಂಗಳು ನಿಮಗಿರಲಿ, ನನಗೆ ಗೋಡೆಯ ಕ್ಯಾಲೆಂಡರಿನಲ್ಲಿ ಇರುವ ತಾರೀಕು ಹಾಕಿ ಬರೆಯಿರಿ.

ಅರಣ್ಯ ಇಲಾಖೆಯ ಒಪ್ಪಿಗೆ ಸಿಕ್ಕಿತು. ದೇವರ ಮೀನಿನ ಮಾತು ಗೆಳೆಯರಿಗೆ ಹೇಳಿದೆ. ನಿಖಿತಾ ಎಂಬವಳು ಈಗಲೇ ಕೈಯಲ್ಲಿ ನೀರು ತಳ್ಳುವ ಅಭ್ಯಾಸ ಮಾಡುತ್ತಿದ್ದಾಳೆ, ಬಕೆಟ್ಟಿನಲ್ಲಿ. ದೋಣಿ ತೇಲುವಷ್ಟು ನೀರು ಕೆಳಗೆ ಯಾವಾಗ ಬರುತ್ತದೆ? ಅದನ್ನು ಸ್ಪಷ್ಟವಾಗಿ ಬರೆಯಿರಿ, ಅದರ ಮೇಲೆ ಟಿಕೆಟು ಮಾಡಿಸಬೇಕು.

ಅಮ್ಮನ ಮಂಡಿನೋವು ಹಾಗೆಯೇ ಇದೆ. ಆದರೂ ದಿನಾ ಲೋಕಲ್ ಹತ್ತಿ ಇಳಿಯುತ್ತಾಳೆ. ನೀವು ಕೇಳಿದ್ದು ಹೇಳಿಲ್ಲ.

ರಮಿತಾ


ಹೊಳೆಬಾಗಿಲು
೨೧-೪-೧೯೯೯ (ಕಾಣ್, ನಿನ್ನ ಕ್ಯಾಲೆಂಡರಿನ ತಾರೀಕು)

ಚಿ. ರಮಿತಾ,

ಮಾವನಿಗೆ ತಾರೀಕು ಕಲಿಸಲು ಹೊರಟ ಮೊದಲ ಸೊಸೆ ನೀನು. ಆಯಿತು, ಹಾಕಿದ್ದೇನೆ.

ಸ್ಪಷ್ಟವಾಗಿ ಬರೆ ಎಂದಿದ್ದೀಯಲ್ಲ, ಕೇಳು. ನಮ್ಮ ಊರಲ್ಲಿ ಒಂದು ಮಾತಿದೆ: ಮೇಳ ಒಳಗೆ, ಹಲಗೆ ಹೊರಗೆ. ಬರುವ ತಿಂಗಳ ಹತ್ತಕ್ಕೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿ ಮನೆ ಸೇರುತ್ತವೆ. ಅದೇ ಬೆಳಿಗ್ಗೆ ನಾವು ಕಿಂಡಿಯ ಹಲಗೆ ಎಳೆದು ಹಾಕುತ್ತೇವೆ. ಇಲ್ಲದಿದ್ದರೆ ಮೊದಲ ನೆರೆಗೆ ಮರದ ದಿಮ್ಮಿ ಬಂದು ಬಡಿದು ಅಣೆಕಟ್ಟೇ ಹೋದೀತು. ಹಲಗೆಯ ಉಸ್ತುವಾರಿ ನನ್ನದು.

ಆ ಒಂದು ದಿನ ಮನುಷ್ಯರು ಹಾಗಿರಲಿ, ಎಮ್ಮೆಯೂ ಹೊಳೆಗೆ ಇಳಿಯುವುದಿಲ್ಲ. ಚಳಿಗಾಲದಿಂದ ಕಟ್ಟಿಟ್ಟ ನೀರು, ಬಿಟ್ಟರೆ ಹಗ್ಗ ಹರಿದ ಕೋಣನ ಹಾಗೆ ನುಗ್ಗುತ್ತದೆ. ಮಾರನೇ ದಿನದಿಂದ ಸಾಧು. ದೋಣಿಗೆ ಬೇಕಾದಷ್ಟು ನೀರು, ಮಳೆ ಜೋರಾಗುವವರೆಗೆ ಹೆದರಿಕೆ ಇಲ್ಲ. ಆದ್ದರಿಂದ ತಿಂಗಳ ಹತ್ತು ಕಳೆದ ಮೇಲೆಯೇ ಹೊಳೆಯ ಸುದ್ದಿ.

ಹೊಳೆ ಬದಿಯಲ್ಲಿ ಈಗ ಮಂಗಟ್ಟೆ ಹಕ್ಕಿಗಳು ಬಂದಿವೆ. ನೀರುನಾಯಿಯ ಒಂದು ಸಂಸಾರವೂ ಇದೆ. ನಿನ್ನ ಅಮ್ಮ ಸಣ್ಣವಳಿದ್ದಾಗ ನೀರುನಾಯಿಗೆ ಮಂಡಕ್ಕಿ ಎಸೆಯುತ್ತಿದ್ದಳು. ಅದು ತಿನ್ನುವುದಿಲ್ಲ ಎಂದರೆ ನನಗೇ ಹೊಡೆಯುತ್ತಿದ್ದಳು.

ಸುಂದರ


ಡೊಂಬಿವಲಿ
೪-೫-೧೯೯೯

ಮಾವ,

ಟಿಕೆಟು ಆಯಿತು. ಹದಿನೆಂಟಕ್ಕೆ ಇಲ್ಲಿಂದ ಹೊರಟು ಕಾಡಿನಲ್ಲಿ ಕೆಲವು ದಿನ ನಡೆಯುತ್ತೇವೆ. ನೀವು ಹೇಳಿದಂತೆ ಹಲಗೆ ಹೊರಗೆ ಹೋದ ಮೇಲಿನ ದಿನವನ್ನೇ ಹಿಡಿದಿದ್ದೇನೆ, ನಿಶ್ಚಿಂತೆಯಿಂದಿರಿ. ಇಪ್ಪತ್ತನಾಲ್ಕಕ್ಕೆ ಇಳಿಯುತ್ತೇವೆ. ಸಂಜೆಯೊಳಗೆ ನಿಮ್ಮ ಮನೆ.

ನಾವು ಐದು ಜನ. ಅನ್ನ ಮಾತ್ರ ಆರು ಜನಕ್ಕೆ ಇಡಲು ಅತ್ತೆಗೆ ಹೇಳಿ. ಯಾಕೆ ಎಂದು ಕೇಳಬೇಡಿ.

ಒಂದು ಪ್ರಶ್ನೆ. ನಿಮ್ಮ ಮನೆಯ ಹೊಳೆ ಕಡೆಯ ಮೆಟ್ಟಿಲಿನಿಂದ ಬಂದರೆ ದಣಪೆ ದಾಟಬೇಕಾಗುತ್ತದೆಯೇ, ಇಲ್ಲವೇ?

ರಮಿತಾ


ಹೊಳೆಬಾಗಿಲು
೧೭-೫-೧೯೯೯

ಚಿ. ರಮಿತಾ,

ಭೋಜರಾಜನ ಮನೆಯ ಮದುವೆಯ ಗಡಿಬಿಡಿಯಲ್ಲಿ ನಿನ್ನ ಕಾಗದ ಅವನ ಅಂಗಡಿಯಲ್ಲೇ ಬಿದ್ದಿತ್ತು, ನಿನ್ನೆ ಕೈಗೆ ಬಂತು. ಈ ಉತ್ತರ ನೀನು ಹೊರಡುವುದರೊಳಗೆ ಮುಟ್ಟುತ್ತದೋ ಇಲ್ಲವೋ. ಮುಟ್ಟದಿದ್ದರೂ ಚಿಂತೆಯಿಲ್ಲ, ಇದರಲ್ಲಿ ಅವಸರದ್ದು ಏನೂ ಇಲ್ಲ.

ದಣಪೆ ಇರುವುದು ಅಂಗಳದ ಎದುರಿಗೆ, ರಸ್ತೆ ಕಡೆ. ಹೊಳೆ ಕಡೆ ಬೇಲಿಯೇ ಇಲ್ಲ. ಇದನ್ನು ಯಾಕೆ ಕೇಳಿದೆ ಎಂದು ಅಮ್ಮಣ್ಣಿಗೂ ನನಗೂ ಚರ್ಚೆ ನಡೆದಿದೆ. ಅವಳು ಒಂದು ಊಹೆ ಹೇಳಿದಳು. ನಾನು ಸುಮ್ಮನಿರು ಎಂದೆ. ಆದರೂ ಮನೆಯ ಚಾವಡಿಗೆ ಸುಣ್ಣ ಹೊಡೆಸಿದ್ದೇನೆ.

ನೀವು ಬಸ್ಸಿನಿಂದ ಇಳಿಯುವ ಇಪ್ಪತ್ತನಾಲ್ಕೇ ನಮ್ಮ ತಿಂಗಳ ಹತ್ತು. ಒಳ್ಳೆಯದೇ ಆಯಿತು. ಬೆಳಿಗ್ಗೆ ಹಲಗೆ ಎಳೆದು, ಸಂಜೆ ಬಸ್ಸಿಗೆ ನಾನೇ ಬಂದು ನಿಲ್ಲುತ್ತೇನೆ. ಒಂದು ದಿನ ಉಂಡು ಮಲಗಿ, ಆಮೇಲೆ ದೋಣಿ ತೆಗೆಯಿರಿ.

ಮೇಲಿನ ಗದ್ದೆಯವರು ನಿನ್ನೆ ಬಂದು, ಸೌತೆಗೆ ನೀರು ಬೇಕು, ಹತ್ತರ ಮೇಲೆ ಎರಡು ದಿನ ಕಾಯಿ ಎಂದರು. ‘ತಿಂಗ್ಳ್ ಹತ್ತ್ ಅಂದ್ರೆ ಹತ್ತೇ. ನಾನ್ ಯಾರಿಗೂ ಕಾಯುವವ ಅಲ್ಲ’ ಎಂದು ಕಳಿಸಿದೆ. ನಿಯಮ ಎಂದರೆ ನಿಯಮ.

ಸುಂದರ


ಹೆಬ್ರಿ ಬಸ್ ನಿಲ್ದಾಣ
೨೩-೫-೧೯೯೯

ಮಾವ,

ಈ ಚೀಟಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ, ಕೊಕ್ಕರ್ಣೆಯಲ್ಲಿ ಭೋಜರಾಜರ ಅಂಗಡಿಗೆ ಕೊಡುತ್ತಾನಂತೆ. ಅಮ್ಮ ಹೇಳಬೇಡ ಎಂದಿದ್ದಳು. ಹೇಳದೆ ಇರಲು ಆಗುತ್ತಿಲ್ಲ.

ಅಮ್ಮ ಬಂದಿದ್ದಾಳೆ. ಇವತ್ತು ಮುಂಬೈ ಬಸ್ಸಿನಲ್ಲಿ ಬಂದು ನಮ್ಮನ್ನು ಸೇರಿಕೊಂಡಳು. ‘ದಣಪೆ ದಾಟುದಿಲ್ಲ ಅಂದದ್ದ್ ಹೌದು, ಹೊಳಿ ದಾಟುದಿಲ್ಲ ಅಂತ ಹೇಳ್ಲಿಲ್ಲ’ ಎನ್ನುತ್ತಾಳೆ. ಚೀಲದಲ್ಲಿ ದೇವರ ಮೀನಿಗೆ ಅರಳು, ನಿಮಗೆ ಅಂಗಿ ಬಟ್ಟೆ.

ನಾಳೆ ಬೆಳಿಗ್ಗೆ ಹಳ್ಳದ ಬಾಯಿಯಲ್ಲಿ ದೋಣಿ ಇಳಿಸುತ್ತೇವೆ. ಹೊಳೆ ನೋಡಿ ಬಂದೆ, ನೀವು ಹೇಳಿದಷ್ಟು ನೀರೇನೂ ಇಲ್ಲ, ಬರೀ ಕಲ್ಲು. ಹಲಗೆ ತೆಗೆದು ಎರಡು ವಾರವಾಯಿತಲ್ಲ, ಹರಿದು ಹೋಗಿರಬೇಕು. ಗುಂಡಿಯಿಂದ ಗುಂಡಿಗೆ ದೋಣಿ ಎಳೆದುಕೊಂಡಾದರೂ ಬರುತ್ತೇವೆ. ಮಧ್ಯಾಹ್ನದ ಊಟಕ್ಕೆ ಪಾರೆಯ ಮೇಲೆ ಕೂತಿರುತ್ತೇವೆ, ನಿಮ್ಮ ಮನೆಯ ಹಿಂದೆ. ನೀವು ಗೊತ್ತಿಲ್ಲದವರ ಹಾಗೆ ಮೆಟ್ಟಿಲು ಇಳಿದು ಬನ್ನಿ.

ರಮಿತಾ


ಹೊಳೆಬಾಗಿಲು
೬-೬-೧೯೯೯

ಚಿ. ರಮಿತಾ,

ಅಕ್ಕನ ಕಾಲಿನ ಎರಡನೇ ಎಕ್ಸ್‌ರೇ ಕುಂದಾಪುರದಲ್ಲಿ ಆಯಿತು. ಮೂಳೆ ಸರಿಯಾಗಿ ಕೂತಿದೆ. ಮಳೆಗಾಲ ಮುಗಿಯುವವರೆಗೆ ಕಾಲು ಊರಬಾರದು, ಮುಂಬೈ ಪ್ರಯಾಣದ ಮಾತೇ ಬೇಡ ಎಂದರು ಡಾಕ್ಟರು. ಚಾವಡಿಯಲ್ಲಿ ಮಂಚ ಹಾಕಿದ್ದೇವೆ. ಅಮ್ಮಣ್ಣಿ ನೋಡಿಕೊಳ್ಳುತ್ತಾಳೆ. ನಿನ್ನ ಎರಡನೇ ದೋಣಿ ಬಾರ್ಕೂರಿನ ಹತ್ತಿರ ಪೊದೆಗೆ ಸಿಕ್ಕಿಕೊಂಡಿತ್ತಂತೆ, ಹರಿದುಹೋಗಿದೆ.

ಹೊರಡುವ ದಿನ ನೀನು ನನ್ನನ್ನು ಏನೂ ಕೇಳಲಿಲ್ಲ. ಮುಖ ತಿರುಗಿಸಿ ಬಸ್ಸು ಹತ್ತಿದೆ. ಕೇಳದಿದ್ದರೂ ಹೇಳುತ್ತೇನೆ.

ಆ ದಿನ ಹಲಗೆಗೆ ಕೈ ಹಾಕುವಾಗಲೇ ಹೊತ್ತು ಏರಿತ್ತು, ಅರ್ಧದಷ್ಟು ಎಳೆದು ಆಗಿತ್ತು. ಭೋಜರಾಜ ಲೂನಾದಲ್ಲಿ ಬಂದ. ಚೀಟಿ ಹಿಂದಿನ ಸಂಜೆಯೇ ಅವನ ಅಂಗಡಿಗೆ ಬಂದಿತ್ತು, ಬೆಳಿಗ್ಗೆ ಅಣೆಕಟ್ಟಿನಲ್ಲಿ ನಾನು ಹೇಗೂ ಸಿಗುತ್ತೇನಲ್ಲ ಎಂದು ಕಿಸೆಯಲ್ಲಿ ಇಟ್ಟುಕೊಂಡಿದ್ದ. ಓದಿದೆ. ಎಳೆದ ಹಲಗೆಯನ್ನು ಹರಿಯುವ ನೀರಿಗೆ ಅಡ್ಡ ಮತ್ತೆ ಹಾಕಲು ಆಗುವುದಿಲ್ಲ, ಹತ್ತು ಆನೆ ಬಂದರೂ ಆಗುವುದಿಲ್ಲ. ಅದು ಗೊತ್ತಿದ್ದೂ ಒಂದನ್ನು ಹಿಡಿದು ನಿಂತೆ. ಜೊತೆಯವರು ನನ್ನನ್ನು ಎಳೆದು ಹಾಕಿದರು.

ಹೊಳೆ ಸುತ್ತಿ ಬರುತ್ತದೆ, ರಸ್ತೆ ನೆಟ್ಟಗೆ. ಅದೊಂದೇ ಆಸೆಯಲ್ಲಿ ಲೂನಾ ಹತ್ತಿದೆವು. ಮನೆ ಹಿಂದಿನ ಮೆಟ್ಟಿಲಿಗೆ ಬಂದರೆ ಅಕ್ಕ ಪಾರೆಯ ತುದಿಯಲ್ಲಿ ಕಾಲು ನೀರಿಗೆ ಬಿಟ್ಟು ಅರಳು ಹಾಕುತ್ತಾ ಕೂತಿದ್ದಾಳೆ. ಬೊಬ್ಬೆ ಹೊಡೆಯಬಾರದ ಜಾಗದಲ್ಲಿ ನಾನು ಬೊಬ್ಬೆ ಹೊಡೆದೆ. ‘ಅಕ್ಕಾ, ಹತ್ತ್, ಹತ್ತ್.’ ಬೇರೆ ಮಾತು ಬಾಯಿಗೆ ಬರಲಿಲ್ಲ. ಆಮೇಲಿನದು ನಿನಗೆ ಗೊತ್ತು.

ಅವಳನ್ನು ಕುರ್ಚಿಯಲ್ಲಿ ಕೂರಿಸಿ ದಣಪೆಯ ಗಳು ಸರಿಸಿ ಜೀಪಿಗೆ ಒಯ್ಯುವಾಗ ಒಂದೇ ಮಾತು ಹೇಳಿದಳು. ‘ಅವತ್ತೂ ಕಾಯ್ಲಿಲ್ಲ ನೀನ್. ಇವತ್ತೂ ಕಾಯ್ಲಿಲ್ಲ.’ ಅಷ್ಟೇ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನನ್ನ ಮನೆಯಲ್ಲಿ ಮಲಗಿದ್ದಾಳೆ, ನನ್ನ ಬಾವಿಯ ನೀರು ಕುಡಿಯುತ್ತಾಳೆ, ನಾನು ಒಳಗೆ ಬಂದರೆ ಗೋಡೆ ಕಡೆ ತಿರುಗುತ್ತಾಳೆ. ಹದಿನಾಲ್ಕು ವರ್ಷ ದೂರ ಇದ್ದಾಗ ಇಷ್ಟು ದೂರ ಇರಲಿಲ್ಲ.

ಹಲಗೆಯ ದಿನ ನಾನು ನಿನಗೆ ಬರೆದಿದ್ದೆ. ಹೊಳೆಗೆ ಇಳಿಯಬೇಡ ಎಂದೂ ಬರೆದಿದ್ದೆ. ಆದರೂ ಯಾಕೆ ಇಳಿದೆ?

ಸುಂದರ


ಡೊಂಬಿವಲಿ
೧೪-೬-೧೯೯೯

ಮಾವ,

ನಿಮ್ಮ ಕೊನೆಯ ಸಾಲು ಓದಿ ಸಿಟ್ಟು ನೆತ್ತಿಗೇರಿತು. ನೀವು ಹತ್ತಕ್ಕೆ ಎಂದಿರಿ, ನಾನು ಹತ್ತು ಕಳೆದು ಎರಡು ವಾರ ಬಿಟ್ಟು ಬಂದೆ. ಹೇಳಿದ ದಿನ ಎಳೆಯದೆ, ನಾವು ಬರುವ ದಿನವೇ ಎಳೆದವರು ನನ್ನನ್ನು ಕೇಳುತ್ತೀರಾ ಎಂದು ಒಂದು ಇಡೀ ಕಾಗದ ಬರೆದೆ. ಅಂಟಿಸಲು ಹೋಗುವಾಗ ಅಪ್ಪ, ‘ನೀವು ಹೋದ ಮೇಲೆ ಒಂದು ಬಂದಿತ್ತು’ ಎಂದು ಹದಿನೇಳರ ನಿಮ್ಮ ಕಾಗದ ಕೊಟ್ಟರು. ಈ ಗಲಾಟೆಯಲ್ಲಿ ಮರೆತೇಬಿಟ್ಟಿದ್ದರಂತೆ.

‘ನೀವು ಬಸ್ಸಿನಿಂದ ಇಳಿಯುವ ಇಪ್ಪತ್ತನಾಲ್ಕೇ ನಮ್ಮ ತಿಂಗಳ ಹತ್ತು.’

ಬರೆದ ಕಾಗದ ಹರಿದು ಹಾಕಿದೆ. ನೀವು ಕಾಗದದ ತಲೆಯ ಮೇಲೆ ನನ್ನ ಕ್ಯಾಲೆಂಡರಿನ ತಾರೀಕು ಹಾಕಿದಿರಿ, ಒಳಗೆ ಸಂಕ್ರಾಂತಿಯಿಂದ ಎಣಿಸುವ ನಿಮ್ಮ ತಿಂಗಳನ್ನೇ ಇಟ್ಟಿರಿ. ನಾನು ಮೇ ಹತ್ತು ಎಂದು ಓದಿದೆ. ನಾನು ಹೊಳೆಗೆ ಇಳಿಯುತ್ತೇವೆ ಎಂದು ಬರೆದೆ, ನೀವು ಬಸ್ಸಿನಿಂದ ಎಂದು ಓದಿದಿರಿ. ಮನೆಯ ಮಾತು, ಮನೆಯವರೇ ಓದಿದ್ದು, ಆದರೂ ಹೀಗಾಯಿತು. ಅಮ್ಮ ಸಾಯುತ್ತಿದ್ದಳು ಮಾವ. ನಿಖಿತಾ ಅವಳ ತೋಳು ಹಿಡಿಯದಿದ್ದರೆ ಸಾಯುತ್ತಿದ್ದಳು.

ಅಲ್ಲಿ ನಿಮಗೆ ಕೇಳಿಸದ ಒಂದು ಸಂಗತಿ ಹೇಳಬೇಕು. ನಿಮ್ಮ ಕೂಗು ಕೇಳಿದ್ದೇ ನಾವೆಲ್ಲ ದಡಕ್ಕೆ ಓಡಿದೆವು. ಅಮ್ಮ ಓಡಲಿಲ್ಲ. ಅವಳಿಗೆ ಕೇಳಿಸಿತ್ತು. ಎದ್ದು ನಿಂತು ನಿಮ್ಮನ್ನೇ ನೋಡಿದಳು. ‘ಎಷ್ಟ್ ಮುದುಕ ಆಯ್ದ ಕಾಣ್’ ಎಂದಳು. ನಗುತ್ತಿದ್ದಳು. ಅಷ್ಟರಲ್ಲಿ ತಿರುವಿನಲ್ಲಿ ನೀರು ಕಾಣಿಸಿತು. ಹತ್ತುವಾಗ ಕಾಲು ಬಂಡೆಗಳ ಸಂದಿಗೆ ಸಿಕ್ಕಿತು, ದೋಣಿ ಬಂದು ಅದರ ಮೇಲೆಯೇ ಬಡಿಯಿತು.

ಹಲಗೆ ಈ ವರ್ಷ ಮೇ ಹತ್ತಕ್ಕೇ ತೆಗೆಯುತ್ತಾರೆ, ಮಾವನೇ ಬರೆದಿದ್ದಾರೆ ಎಂದು ಅಮ್ಮನಿಗೆ ನಾನೇ ಹೇಳಿದ್ದೆ. ನೀವು ಬೇಕೆಂದೇ ತಡಮಾಡಿ, ನಾವು ಬರುವ ದಿನವೇ ಕಾಯದೆ ಎಳೆದಿರಿ ಎಂದು ಅವಳು ತಿಳಿದಿದ್ದಾಳೆ. ಈ ಕಾಗದವನ್ನು ಅವಳಿಗೆ ಓದಿ ಹೇಳಿ. ಇಲ್ಲದಿದ್ದರೆ ನಾನೇ ರಜೆ ಹಾಕಿ ಬರುತ್ತೇನೆ.

ರಮಿತಾ


ಹೊಳೆಬಾಗಿಲು
೨೫-೬-೧೯೯೯, ನಮ್ಮ ತಿಂಗಳು ಹನ್ನೊಂದು. ಇನ್ನು ಮುಂದೆ ಎರಡನ್ನೂ ಹಾಕುತ್ತೇನೆ.

ಚಿ. ರಮಿತಾ,

ಮಳೆ ಹಿಡಿದಿದೆ. ಹೊಳೆ ಈಗ ಪಾರೆಯ ಮೇಲೆ ಹರಿಯುತ್ತಿದೆ.

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಲಿಲ್ಲ. ಕಾಗದ ಹಿಡಿದು ನನ್ನ ತಪ್ಪಿಲ್ಲ ಎಂದು ಅವಳೆದುರು ವಾದ ಮಾಡುವುದು ನನಗೆ ಬೇಡವಾಯಿತು. ತಪ್ಪಿಲ್ಲ ಎಂದೂ ಅಲ್ಲ. ಮೇಲಿನ ಗದ್ದೆಯವರ ಮಾತಿಗೆ ಎರಡು ದಿನ ಕಾದಿದ್ದರೆ ಏನು ಗಂಟು ಹೋಗುತ್ತಿತ್ತು? ಕಾಗದ ಅಮ್ಮಣ್ಣಿ ಓದಿದಳು. ಅವಳು ಅಡುಗೆ ಮನೆಯಲ್ಲಿ ಸುಮ್ಮನೆ ಇರುವ ಜಾತಿಯಲ್ಲ. ಏನು ಹೇಳಿದಳೋ, ಎಷ್ಟು ಹೇಳಿದಳೋ, ನಾನು ಕೇಳಲಿಲ್ಲ. ಅಕ್ಕ ಎರಡು ದಿನ ಹಾಗೆಯೇ ಇದ್ದಳು.

ನಿನ್ನೆ ಮಧ್ಯಾಹ್ನ ಗಂಜಿ ಕೊಡಲು ಹೋದೆ. ಅಮ್ಮಣ್ಣಿ ತೋಟಕ್ಕೆ ಹೋಗಿದ್ದಳು. ಬಟ್ಟಲು ಇಟ್ಟು ತಿರುಗಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗದೆಯೇ ಕೇಳಿದಳು.

‘ಇವತ್ತ್ ತಿಂಗ್ಳ್ ಎಷ್ಟ್ ಆಯ್ತ್?’

ಅವಳ ಪ್ರಶ್ನೆ ನನಗೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸಂಕ್ರಾಂತಿಯಿಂದ ಎಣಿಸಿದೆ. ಆ ಮಾತನ್ನು ಅವಳೆದುರು ಹೇಗೆ ಹೇಳಲಿ? ಬೇರೆ ಏನಾದರೂ ಹೇಳಿಬಿಡಲೇ ಎಂದು ಕಂಡಿತು. ಕಡೆಗೆ ಇದ್ದದ್ದನ್ನೇ ಹೇಳಿದೆ.

‘ಹತ್ತ್.’

ಅವಳು ನಿಧಾನಕ್ಕೆ ಈ ಕಡೆ ತಿರುಗಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಹತ್ತುಕೆ ಆತಿಲ್ಲ ಮಾರಾಯ. ಕಾಲ್ ಮುರ್ದಿತ್.’

ಎಂದು ನಕ್ಕಳು. ನಾನು ಹೊರಗೆ ಹೋಗಿ ದನದ ಹಟ್ಟಿಯಲ್ಲಿ ನಿಂತು ಅತ್ತೆ. ವಾಪಸು ಬಂದಾಗ ಗಂಜಿ ತಣ್ಣಗಾಗಿತ್ತು, ಅದಕ್ಕೂ ಬೈದಳು.

ಸುಂದರ